ಮದುಮಗ ನಕ್ಕನೇ

ಮಸ್ಕತ್ತಿನ ಅಲ್ ಮಬೇಲಾದ ಆ ವಿಲ್ಲಾದ ಅಂಗಳದಲ್ಲಿ ನಡೆದದ್ದನ್ನು ಅವತ್ತು ಮಲಗುವ ಮೊದಲೇ ಡೈರಿಯಲ್ಲಿ ಬರೆದಿಟ್ಟಿದ್ದೆ. ಬರೆದಿಡುವುದು ನನ್ನ ಅಭ್ಯಾಸ. ನೆನಪನ್ನು ನಂಬದಿರುವುದೂ ಅಷ್ಟೇ ಹಳೆಯ ಅಭ್ಯಾಸ. ಈಗ ತೆಗೆದು ನೋಡಿದರೆ ಮುಖ್ಯವಾದ ಜಾಗದಲ್ಲಿ ಇರುವುದು ಎರಡೇ ಪದ: ಎಲ್ಲರೂ ನಕ್ಕರು. ಎಲ್ಲರೂ ಎಂದರೆ ಯಾರು? ಹಾಡುತ್ತಿದ್ದ ಹೆಂಗಸರು ಮಾತ್ರವೇ? ಗೇಟಿನ ಹತ್ತಿರ ನಿಂತಿದ್ದ ಗಂಡಸರೂ ಸೇರಿಯೇ? ನಡುವೆ ಕುರ್ಚಿಯಲ್ಲಿ ಕೂತಿದ್ದ ಮದುಮಗನೂ ಸೇರಿಯೇ? ಮರುದಿನ ಬೆಳಿಗ್ಗೆ ಮದುಮಗಳ ತಂದೆ ನನ್ನನ್ನು ಕೇಳಿದ್ದು ಇದೊಂದನ್ನೇ. ಸಂಜೆ ಮದುವೆ ಇತ್ತು. ಮಗಳನ್ನು ಆ ಮನೆಗೆ ಕೊಡಬೇಕೋ ಬೇಡವೋ ಎಂದು ನಿರ್ಧರಿಸಲು ಅವರಿಗೆ ಈ ಒಂದು ಉತ್ತರ ಬೇಕಿತ್ತು.

ಮದುಮಗಳು ನನ್ನ ಗೆಳತಿ. ಅಲ್ ಖೌದ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಅವಳು ಇಂಗ್ಲಿಷ್ ಕಲಿಸುತ್ತಿದ್ದಳು. ನಾನು ಅಲ್ಲಿಯ ಗ್ರಂಥಾಲಯದಲ್ಲಿದ್ದೇನೆ. ಮಂಗಳೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿ, ಮಸ್ಕತ್ತಿಗೆ ಬಂದು ಪುಸ್ತಕಗಳಿಗೆ ಬಾರ್‌ಕೋಡ್ ಅಂಟಿಸುವವಳು. ಗೆಳತಿ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ನಡುಭಾಗದ ಒಂದು ಕಾರ್ಖಾನೆಗಳ ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಿಂದ ಮಕ್ಕಳಾಗಿದ್ದಾಗಲೇ ಅಲ್ಲಿಗೆ ಬಂದವರು. ಅವಳ ಬಣ್ಣ ಕಪ್ಪು. ನಮ್ಮ ಕರಾವಳಿಯಲ್ಲಿ ನಾವು ಕಪ್ಪು ಎಂದು ಹೇಳಿ ಮೂಗು ಮುರಿಯುವ ಕಂದು ಬಣ್ಣವಲ್ಲ, ನಿಜವಾಗಿಯೂ ಕಪ್ಪು.

ಕೊಲ್ಲಿಯಲ್ಲಿ ಪಾಸ್‌ಪೋರ್ಟಿನ ಬಣ್ಣಕ್ಕೂ ಬೆಲೆ ಇದೆ, ಮನುಷ್ಯನ ಬಣ್ಣಕ್ಕೂ ಬೆಲೆ ಇದೆ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಜನ ಕಕ್ಕಾಬಿಕ್ಕಿಯಾಗುತ್ತಾರೆ. ಅವಳಿಗೆ ಕಾಲೇಜಿನವರು ಕೆಲಸ ಕೊಟ್ಟದ್ದು ಫೋನಿನಲ್ಲಿ ದನಿ ಕೇಳಿ. ಕರೆದುಕೊಂಡು ಹೋಗಲು ವಿಮಾನ ನಿಲ್ದಾಣಕ್ಕೆ ಬಂದವರು ಅವಳ ಹೆಸರಿನ ಬೋರ್ಡು ಹಿಡಿದುಕೊಂಡು, ಎದುರಿಗೇ ಬಂದು ನಿಂತ ಅವಳನ್ನು ದಾಟಿ ಹಿಂದೆ ಬರುತ್ತಿದ್ದ ಬಿಳಿ ಹೆಂಗಸರನ್ನು ನೋಡುತ್ತಿದ್ದರಂತೆ. "ಸ್ವಲ್ಪ ಪಕ್ಕಕ್ಕೆ ನಿಲ್ಲಿ ಅಂದರು. ನಿಂತೆ," ಎಂದು ಅವಳು ನಗುತ್ತಾ ಹೇಳಿದ್ದಳು.

ಮದುಮಗ ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕ್ ಹುಡುಗ. ಮಸ್ಕತ್ತಿನಲ್ಲೇ ಬೆಳೆದವನು, ಒಂದು ಇನ್ಶೂರೆನ್ಸ್ ಆಫೀಸಿನಲ್ಲಿದ್ದಾನೆ. ಚರ್ಚಿನ ಇಂಗ್ಲಿಷ್ ಕಾಯರಿನಲ್ಲಿ ಇವಳೂ ಹಾಡುತ್ತಿದ್ದಳು, ಅಲ್ಲಿ ಪರಿಚಯ. ಮೆತ್ತನೆಯ ಹುಡುಗ. ಅವನು ದನಿಯೇರಿಸಿದ್ದನ್ನು ನಾನು ಕೇಳಿದ್ದಿಲ್ಲ. ಅದು ಗುಣವೋ ಭಯವೋ ಎಂದು ಆಗ ಯೋಚಿಸಿರಲಿಲ್ಲ.

ಅವನ ತಾಯಿಯನ್ನು ನಾನು ಮೊದಲಿನಿಂದ ಬಲ್ಲೆ. ನಾನು ತುಳುವಿನವಳು, ಆದರೆ ಉಡುಪಿಯ ಕಡೆ ನಮ್ಮ ಮನೆಯ ಎರಡೂ ಮಗ್ಗುಲಿಗೆ ಕೊಂಕಣಿಯವರಿದ್ದರು. ಅವರ ಮಾತು ನನಗೆ ಪೂರ್ತಿ ತಿಳಿಯುತ್ತದೆ, ಆಡಲು ಬರುವುದಿಲ್ಲ. ಮಗನ ಸುದ್ದಿಯನ್ನು ಅವರು ನನಗೆ ಹೇಳಿದ್ದು ಸೂಪರ್ ಮಾರ್ಕೆಟ್ಟಿನ ತರಕಾರಿಯ ಸಾಲಿನಲ್ಲಿ ನಿಂತು, ಬೆಂಡೆಕಾಯಿಯ ತುದಿ ಮುರಿಯುತ್ತಾ.

"ಬ್ರಿಟಿಷ್ ಹುಡುಗಿ ಅಂತ ಹೇಳಿದ ನಮ್ಮವ. ನಾನು ಊರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಯ್ತು ಮಾರಾಯ್ತಿ. ನಮ್ಮ ಫಾದರಿಗೂ ಹೇಳಿದೆ. ಮತ್ತೆ ಫೋಟೋ ತೋರಿಸಿದ."

"ಮತ್ತೆ?"

"ಮತ್ತೆಂತ. ಮದುವೆಯಾಗುವವಳು ಎಲ್ಲಿ, ಇದು ಅವರ ಕೆಲಸದವಳಲ್ವಾ ಅಂತ ಕೇಳಿದೆ."

ಹೇಳಿ ಅವರೇ ನಕ್ಕರು. ಈ ಕತೆಯನ್ನು ಅವರು ಆಮೇಲೆ ತುಂಬ ಜನರಿಗೆ ಹೇಳಿದರು. ಪ್ರತಿಸಲವೂ ಕೊನೆಯ ಮಾತಿಗೆ ಸರಿಯಾಗಿ ನಿಲ್ಲಿಸಿ, ಕೇಳುವವರು ನಕ್ಕ ಮೇಲೆ ತಾವು ನಗುತ್ತಿದ್ದರು.

ಮದುವೆ ನಿಂತುಹೋಗಲಿಲ್ಲ. ಮಗ ದನಿಯೇರಿಸದೆಯೇ ಹಟ ಹಿಡಿದ. ತಾಯಿಯೂ ಒಪ್ಪಿದರು. ಒಪ್ಪಿದ್ದರಲ್ಲಿ ಆ ಪಾಸ್‌ಪೋರ್ಟಿನ ಪಾಲು ಎಷ್ಟು, ಮಗನ ಮೇಲಿನ ಪ್ರೀತಿಯ ಪಾಲು ಎಷ್ಟು ಎಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯಲು ಕೈ ಹೋಗುತ್ತದೆ, ತಡೆಯುತ್ತೇನೆ.

ಗೆಳತಿಗೆ ತಾಯಿ ಇರಲಿಲ್ಲ. ಆ ಕತೆಯನ್ನು ಅವಳು ಕಾಲೇಜಿನ ಕ್ಯಾಂಟೀನಿನಲ್ಲಿ ಒಂದೇ ಸಲ ಹೇಳಿದಳು. ಅವಳ ಅಜ್ಜಿ ಬ್ರಿಟನ್ನಿಗೆ ಹೋದದ್ದು ಅಲ್ಲಿಯವರೇ ಕರೆದಾಗ. ಯುದ್ಧ ಮುಗಿದು ಆಸ್ಪತ್ರೆಗಳಿಗೆ, ಬಸ್ಸುಗಳಿಗೆ ಆಳು ಸಾಲದಾಗಿ ದ್ವೀಪಗಳಿಂದ ಜನರನ್ನು ಆರಿಸಿ ಕರೆದುಕೊಂಡು ಹೋಗುತ್ತಿದ್ದ ಕಾಲ. ದ್ವೀಪ ಆಗ ಅವರದೇ ಆಳ್ವಿಕೆಯಲ್ಲಿದ್ದುದರಿಂದ ಕಾನೂನಿನ ಪ್ರಕಾರ ಅಜ್ಜಿ ಪರದೇಶದವಳಲ್ಲ. ಮನೆ ಬಾಡಿಗೆಗೆ ಕೇಳಲು ಹೋದರೆ ಮಾತ್ರ ಬಾಗಿಲು ತೆರೆದವರು ಮುಖ ನೋಡಿ ಈಗಷ್ಟೇ ಬೇರೆಯವರಿಗೆ ಕೊಟ್ಟೆವು ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಆಕೆ ಎತ್ತಿ ತೊಳೆಯುತ್ತಿದ್ದ ರೋಗಿಗಳಲ್ಲೇ ಕೆಲವರು ನನ್ನನ್ನು ಮುಟ್ಟಬೇಡ ಎನ್ನುತ್ತಿದ್ದರು, ಹಾಗೆನ್ನುವವರನ್ನೂ ತೊಳೆಯಬೇಕಿತ್ತು. ಚಿಕ್ಕ ಮಗಳು ಆಕೆಯ ಪಾಸ್‌ಪೋರ್ಟಿನಲ್ಲೇ ಬಂದವಳು, ಅಲ್ಲೇ ಶಾಲೆ ಕಲಿತು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಇವಳನ್ನು ಹೆತ್ತಳು.

ಅಜ್ಜಿ ಮುಪ್ಪಿನಲ್ಲಿ ದ್ವೀಪಕ್ಕೆ ಹಿಂದಿರುಗಿ ಅಲ್ಲಿ ಸತ್ತಳು. ಮಗಳು ಮಣ್ಣು ಮಾಡಲು ಅಲ್ಲಿಗೆ ಹೋದಳು. ಹಿಂದಿರುಗುವಾಗ ವಿಮಾನದ ಕೌಂಟರಿನಲ್ಲಿ ತಡೆದರು. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಕಾನೂನು ಬಿಗಿಯಾಗಿ, ಹೀಗೆ ಮಕ್ಕಳಾಗಿ ಬಂದು ಮುದುಕರಾದವರಿಗೆ ನೀವು ಇಲ್ಲಿಯವರೆಂದು ಸಾಬೀತು ಮಾಡಿ ಎನ್ನತೊಡಗಿದ್ದರು. ಕೆಲಸ ಕಳೆದುಕೊಂಡವರಿದ್ದರು, ಕ್ಯಾನ್ಸರಿಗೆ ಔಷಧಿ ಸಿಗದವರಿದ್ದರು, ಕೈಗೆ ಬೇಡಿ ಹಾಕಿಸಿಕೊಂಡು ವಿಮಾನ ಹತ್ತಿದವರೂ ಇದ್ದರು. ಇವಳ ಅಮ್ಮ ತನಗೆ ನೆನಪೇ ಇಲ್ಲದ ಹುಟ್ಟೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಕಾದಳು. ಕಾಯುತ್ತಲೇ ಸತ್ತಳು. ಆಮೇಲೆ ಸರ್ಕಾರ ಎಲ್ಲರ ಕ್ಷಮೆ ಕೇಳಿತು.

ಸೊಸೆಯಾಗುವವಳ ಬಗ್ಗೆ ಸ್ವಲ್ಪ ಮರುಕ ಹುಟ್ಟಲಿ ಎಂದು ಈ ಕತೆಯನ್ನು ನಾನೇ ಮದುಮಗನ ತಾಯಿಗೆ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

"ಕಾಗದ ಸರಿ ಇಟ್ಟುಕೊಳ್ಳಬೇಕಿತ್ತು ಅಲ್ವಾ," ಎಂದರು. "ನಾವು ಇಲ್ಲಿ ಇಷ್ಟು ವರ್ಷ ಇಲ್ವಾ? ಒಂದು ದಿನ ರೆಸಿಡೆಂಟ್ ಕಾರ್ಡ್ ಎಕ್ಸ್‌ಪೈರ್ ಆಗ್ಲಿಕ್ಕೆ ಬಿಟ್ಟಿಲ್ಲ. ವೀಸಾ ಕೊಟ್ಟ ಕಫೀಲಿಗೆ ಒಂದು ಮಾತು ಆಡ್ಲಿಕ್ಕೆ ಕೊಟ್ಟಿಲ್ಲ. ಅವರಿಗೆ ಆ ಶಿಸ್ತು ಇಲ್ಲ."

"ಅವರು ಅಲ್ಲಿಯವರೇ, ಆಂಟಿ. ವೀಸಾದವರಲ್ಲ."

"ಅಲ್ಲಿಯವರಾದ್ರೆ ಅಲ್ಲಿಯ ಬಣ್ಣ ಇರ್ಬೇಕಲ್ಲ."

ಮಂಗಳೂರಿನ ಕ್ಯಾಥೊಲಿಕರಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರವಿದೆ. ರೋಸ್ ಎಂದರೆ ತೆಂಗಿನಹಾಲು. ಮದುಮಕ್ಕಳನ್ನು ಕೂರಿಸಿ, ಹಿರಿಯರಿಂದ ಮೊದಲುಗೊಂಡು ಒಬ್ಬೊಬ್ಬರೇ ಬಂದು ಹಣೆಗೆ ಶಿಲುಬೆಯ ಗುರುತು ಎಳೆದು, ತಲೆಗೆ ಎಣ್ಣೆ ಇಟ್ಟು, ತೆಂಗಿನಹಾಲು ಹೊಯ್ಯುತ್ತಾರೆ. ಹೆಂಗಸರು ವೊವಿಯೊ ಎಂಬ ಎರಡೆರಡು ಸಾಲಿನ ಹಾಡು ಹೇಳುತ್ತಾರೆ. ದೇವರ ಹೆಸರಿನಲ್ಲಿ ಶುರುವಾದ ಹಾಡು ನಡುವೆ ಕುಚೋದ್ಯಕ್ಕೆ ತಿರುಗುತ್ತದೆ. ನಾನು ಚಿಕ್ಕವಳಾಗಿದ್ದಾಗ ನೋಡಿದ ನೆರೆಮನೆಗಳಲ್ಲಿ, ಗಂಡಿನ ಕಡೆಯವರು ಹುಡುಗಿಯ ಮೂಗಿಗೆ ಒಂದು ಸಾಲು ಕಟ್ಟಿದರೆ ಹೆಣ್ಣಿನ ಕಡೆಯವರು ಹುಡುಗನ ಹೊಟ್ಟೆಗೆ ಒಂದು ಸಾಲು ಕಟ್ಟಿ ತೀರಿಸುತ್ತಿದ್ದರು. ರೋಸಿನಲ್ಲಿ ಹಾಡಿದ್ದಕ್ಕೆ ಸಿಟ್ಟಾಗಬಾರದು ಎಂಬ ಮಾತಿತ್ತು. ತಿರುಗಿ ಹಾಡುವವರಿದ್ದರು, ಅದಕ್ಕೇ ಯಾರೂ ಸಿಟ್ಟಾಗುತ್ತಿರಲಿಲ್ಲ.

ಸಾಮಾನ್ಯವಾಗಿ ಹುಡುಗ ಹುಡುಗಿಯರಿಗೆ ಅವರವರ ಮನೆಯಲ್ಲಿ ಬೇರೆ ಬೇರೆ ರೋಸ್, ಒಂದು ಕಡೆಯ ಕೆಲವರು ಇನ್ನೊಂದು ಕಡೆಗೂ ಹೋಗುತ್ತಾರೆ. ಇಲ್ಲಿ ಹೆಣ್ಣಿನ ಕಡೆಯಿಂದ ಬಂದದ್ದು ತಂದೆ ಒಬ್ಬರೇ. ಆದ್ದರಿಂದ ಹುಡುಗನ ಮನೆಯಲ್ಲೇ ಇಬ್ಬರಿಗೂ ಒಟ್ಟಿಗೆ ಎಂದಾಯಿತು. ತಾಯಿಯ ಸ್ಥಾನದಲ್ಲಿ ನಿಲ್ಲಲು ಒಬ್ಬ ಹೆಂಗಸು ಬೇಕೆಂದು ಗೆಳತಿ ನನ್ನನ್ನು ಕೇಳಿದಳು. ಹಿಂದೂಗಳು ನಿಲ್ಲಬಹುದೇ ಎಂಬ ಚರ್ಚೆ ಸ್ವಲ್ಪ ನಡೆಯಿತು. "ಪರವಾಗಿಲ್ಲ, ಇಷ್ಟೆಲ್ಲ ಆದ ಮೇಲೆ ಅದೊಂದು ಎಂತ," ಎಂದು ಮದುಮಗನ ತಾಯಿಯೇ ತೀರ್ಮಾನಿಸಿದರು.

ಮದುಮಗಳ ತಂದೆ ಎತ್ತರದ ಆಳು. ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿದ ಅಂಗಿ. ವಯಸ್ಸು ಎಪ್ಪತ್ತರ ಹತ್ತಿರ. ಜೀವನವಿಡೀ ಬಸ್ಸು ಓಡಿಸಿದವರು. ಕ್ರಿಸ್‌ಮಸ್ ಕಳೆದ ತಂಪಿನ ದಿನಗಳು. ರೋಸಿನ ಸಂಜೆಗೆ ಬೇಕಾದ ತೆಂಗಿನಕಾಯಿ ಒಮಾನಿನ ದಕ್ಷಿಣದ ಸಲಾಲದಿಂದ ಬಂದಿತ್ತು. ಮಧ್ಯಾಹ್ನ ಅಂಗಳದಲ್ಲಿ ಹೆಂಗಸರು ಕಾಯಿ ಒಡೆಯುತ್ತಾ ಕೂತಿದ್ದಾಗ ಅವರು ಬಂದು, ನಾನೂ ಕೂರಬಹುದೇ ಎಂದು ಕೇಳಿದರು. ಅಂಗಿಯ ತೋಳು ಮಡಚಿ, ಕಾಯಿಯನ್ನು ಅಂಗೈಯಲ್ಲಿಟ್ಟು ಕತ್ತಿಯ ಬೆನ್ನಿನಿಂದ ತಿರುತಿರುಗಿಸಿ ಹೊಡೆದು ಎರಡು ಸಮ ಹೋಳು ಮಾಡಿದರು. ತುರಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿದರು. ಅವರ ಮನೆಯಲ್ಲಿ ಭಾನುವಾರದ ಅನ್ನಕ್ಕೆ ತೆಂಗಿನಹಾಲು ಬೇಕಂತೆ. ಇಂಗ್ಲೆಂಡಿನ ಚಳಿಯಲ್ಲಿ ಅವರ ಅಮ್ಮ ಯಾವುದೋ ಅಂಗಡಿಯ ಒಣಕಲು ಕಾಯಿ ಹುಡುಕಿ ತಂದು ಹಿಂಡುತ್ತಿದ್ದರಂತೆ.

"ಕೈ ನೋಡಿ, ಎಷ್ಟು ಅಭ್ಯಾಸ," ಎಂದರು ಒಬ್ಬರು ಕೊಂಕಣಿಯಲ್ಲಿ.

"ಮರದ ಮೇಲೆಯೇ ಇದ್ದವರಲ್ವಾ," ಎಂದರು ಊರಿನಿಂದ ಮದುವೆಗೆಂದು ಬಂದಿದ್ದ ಮದುಮಗನ ಸೋದರತ್ತೆ.

ಎಲ್ಲರೂ ನಕ್ಕಾಗ ಮದುಮಗಳ ತಂದೆಯೂ ತಲೆಯೆತ್ತಿ ನಕ್ಕು, ಮುಂದಿನ ಕಾಯಿಗೆ ಕೈ ಚಾಚಿದರು.

ಸಂಜೆ ಮೊದಲ ಸಾಲಿನ ಸೋಫಾದಲ್ಲಿ ಮದುಮಗನ ತಂದೆಯ ಕಫೀಲ್, ಎಂದರೆ ಅವರ ವೀಸಾಕ್ಕೆ ಹೊಣೆಯಾದ ಒಮಾನಿ ಧಣಿ, ಕೂತಿದ್ದರು. ಅವರ ಅಜ್ಜಿ ಆಫ್ರಿಕಾದ ಝಾಂಜಿಬಾರಿನವರು. ಬಣ್ಣದಲ್ಲಿ ಅವರಿಗೂ ಮದುಮಗಳ ತಂದೆಗೂ ಹೆಚ್ಚು ವ್ಯತ್ಯಾಸವಿಲ್ಲ. ಅವರಿಗೆ ಸೋದರತ್ತೆ ಎರಡೂ ಕೈ ಜೋಡಿಸಿ, ಬೆನ್ನು ಬಾಗಿಸಿ, ಖರ್ಜೂರದ ತಟ್ಟೆ ಹಿಡಿದರು. ಅದೇ ಸಾಲಿನಲ್ಲಿ ಮದುಮಗಳ ತಂದೆಗೂ ಕುರ್ಚಿ ಹಾಕಿದ್ದರು. ತಟ್ಟೆ ಅವರವರೆಗೆ ಬರಲಿಲ್ಲ. ಬೇಕೆಂದೇ ಹಾಗೆ ಮಾಡಿದರೋ ಖರ್ಜೂರ ಮುಗಿದಿತ್ತೋ, ಈಗ ಹೇಳಲಾರೆ.

ಮದುಮಕ್ಕಳು ಪಕ್ಕಪಕ್ಕದಲ್ಲಿ ಕೂತರು. ನಾನು ಗೆಳತಿಯ ಹಿಂದೆ, ಟವೆಲ್ ಹಿಡಿದು ನಿಂತೆ. ಇದು ಮುಖ್ಯ, ಆದ್ದರಿಂದ ಬರೆಯುತ್ತಿದ್ದೇನೆ: ನಾನು ಹಿಂದೆ ನಿಂತಿದ್ದೆ. ಅವರ ತಲೆ, ಕುತ್ತಿಗೆ, ಭುಜ ಕಾಣುತ್ತಿದ್ದವು. ಮೊದಲು ತಂದೆ ಬಂದು ಮಗಳ ಹಣೆಗೆ ಗುರುತು ಎಳೆದು ಹಾಲು ಹೊಯ್ದರು. ಆಮೇಲೆ ನಾನು ತಾಯಿಯ ಸರದಿ ಮುಗಿಸಿ ಮತ್ತೆ ಹಿಂದೆ ಹೋದೆ. ಮದುಮಗನ ತಾಯಿ ಮಗನಿಗೆ ಅಂಗೈ ತುಂಬ ಎಣ್ಣೆ ಹಚ್ಚಿದರು. ಇವಳಿಗೆ ಬೆರಳ ತುದಿ ಮುಟ್ಟಿಸಿ, ಬೆರಳನ್ನು ಸೀರೆಯ ಸೆರಗಿಗಲ್ಲ, ಪಕ್ಕದಲ್ಲಿದ್ದ ಟಿಶ್ಯೂ ಕಾಗದಕ್ಕೆ ಒರೆಸಿಕೊಂಡರು.

ಸೋದರತ್ತೆ ಹಾಡು ಎತ್ತಿಕೊಂಡದ್ದು ಆಗ. ಒಳ್ಳೆಯ ಕಂಠ ಅವರದು, ಎಂಬತ್ತರ ಹತ್ತಿರವಾದರೂ ನಡುಗುವುದಿಲ್ಲ. ಹಾಡಿನ ಅರ್ಥ ಇಷ್ಟು: ನಮ್ಮ ಸೊಸೆಯಂದಿರಿಗೆ ಇಷ್ಟು ದಿನ ಒಂದು ಕಾಯಿಯ ಹಾಲು ಸಾಕಿತ್ತು. ಇವಳಿಗೆ ಗೋಣಿಗಟ್ಟಲೆ ಹಿಂಡಿರಿ, ತಿಕ್ಕಿ ತಿಕ್ಕಿ ತೊಳೆಯಿರಿ, ಬೆಳಗಾಗುವಾಗ ಬೆಳ್ಳಗಾದರೆ ನನ್ನನ್ನು ಎಬ್ಬಿಸಿರಿ.

ಎಲ್ಲರೂ ನಕ್ಕರು. ಅರ್ಥವಾಗದ ಕಫೀಲರೂ ಸಭ್ಯತೆಗೆ ನಕ್ಕರು. ಮದುಮಗಳ ತಂದೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು ಚಪ್ಪಾಳೆ ತಟ್ಟಿದರು. ಹಾಡು ನಿಂತು, ಹೆಂಗಸರು ಒಂದು ಕ್ಷಣ ನನ್ನ ಕಡೆ ನೋಡಿದರು. ಹೆಣ್ಣಿನ ಕಡೆಯಿಂದ ಉತ್ತರದ ಸಾಲು ಬರಬೇಕಾದ ಜಾಗ ಅದು. ಹೆಣ್ಣಿನ ಕಡೆ ಎಂದರೆ ಕೊಂಕಣಿ ತಿಳಿಯದ ಒಬ್ಬ ಮುದುಕ ಮತ್ತು ಕೊಂಕಣಿ ಆಡಲು ಬಾರದ ನಾನು. ಜಾಗ ಖಾಲಿ ಉಳಿಯಿತು. ಸೋದರತ್ತೆ ಮುಂದಿನ ಸಾಲಿಗೆ ಹೋದರು.

ಮರುದಿನ ಶುಕ್ರವಾರ. ಬೆಳಿಗ್ಗೆ ತಂದೆಯನ್ನು ಅಲ್ ಖೌದ್‌ನ ಒಂದು ಕ್ಷೌರದಂಗಡಿಗೆ ಕರೆದುಕೊಂಡು ಹೋದೆ. ಜುಮ್ಮಾ ನಮಾಜಿಗೆ ಅಂಗಡಿ ಮುಚ್ಚುವ ಮೊದಲು ಆಗಬೇಕಿತ್ತು. ನಾನು ಹೊರಗೆ ಕಾರಿನಲ್ಲಿ ಕೂತೆ. ಅವರು ಕತ್ತು ಸವರಿಕೊಳ್ಳುತ್ತಾ ಹೊರಗೆ ಬಂದರು.

"ಏನೂ ಕೇಳಲಿಲ್ಲ ಅವನು. ಕೂರಿಸಿದ, ಕತ್ತರಿಸಿದ."

"ಇಲ್ಲಿ ಇಂಥ ಕೂದಲಿನ ಒಮಾನಿಗಳು ತುಂಬ ಇದ್ದಾರೆ, ಅಂಕಲ್. ಅವರಿಗೆ ಅಭ್ಯಾಸ."

"ನಾನು ಹುಡುಗನಾಗಿದ್ದಾಗ ನಮ್ಮೂರಿನ ಒಬ್ಬ ಕ್ಷೌರಿಕನೂ ನಮ್ಮ ತಲೆ ಮುಟ್ಟುತ್ತಿರಲಿಲ್ಲ. ನಿಮ್ಮ ಕೂದಲಿಗೆ ನನ್ನ ಕತ್ತರಿ ಹಾಳಾಗುತ್ತದೆ ಎನ್ನುತ್ತಿದ್ದರು. ಭಾನುವಾರ ಅಡುಗೆಮನೆಯಲ್ಲಿ ಒಬ್ಬರದು ಒಬ್ಬರು ಕತ್ತರಿಸಿಕೊಳ್ಳುತ್ತಿದ್ದೆವು. ನನ್ನ ಹೆಂಡತಿಯನ್ನು ಮೊದಲು ನೋಡಿದ್ದು ಹಾಗೆ. ಅವಳ ಅಣ್ಣನ ತಲೆ ಬೋಳಿಸುತ್ತಿದ್ದೆ."

ಪಕ್ಕದ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದೆ. ಕರಕ್ ಚಹಾ ಕಾರಿಗೇ ಬಂತು. ಅವರು ಕಾಗದದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮಗಳೇ, ನಿನ್ನೆ ಆ ಅಜ್ಜಿ ಏನು ಹಾಡಿದಳು?"

"ಅದು ತಮಾಷೆಯ ಹಾಡು. ಶಾಸ್ತ್ರದಲ್ಲಿ ಇರುತ್ತದೆ."

"ತಮಾಷೆಯದೆಂದು ಗೊತ್ತು. ನಾನು ನಗಲಿಲ್ಲವೇ? ಮೂವತ್ತಕ್ಕೂ ಹೆಚ್ಚು ವರ್ಷ ಡಿಪೋದಲ್ಲಿ ಕೆಲಸ ಮಾಡಿದವನು ನಾನು. ಊಟದ ಕೋಣೆಗೆ ಕಾಲಿಟ್ಟ ಕೂಡಲೇ, ಅಲ್ಲಿಯವರೆಗೆ ಏನು ಮಾತಾಡುತ್ತಿದ್ದರು ಎಂದು ನಗುವಿನಿಂದಲೇ ತಿಳಿಯುತ್ತಿತ್ತು. ನಿನ್ನೆಯದು ಅದೇ ನಗು. ಭಾಷೆ ಬೇಕಾಗಲಿಲ್ಲ. ಪದಗಳು ಮಾತ್ರ ಬೇಕು, ಹೇಳು."

ನಾನು ಹೇಳಿದೆ. ಗೋಣಿಯ ಮಾತನ್ನೂ ಹೇಳಿದೆ, ತಿಕ್ಕುವ ಮಾತನ್ನೂ ಹೇಳಿದೆ. ಒಂದನ್ನೂ ಮೆದು ಮಾಡಲಿಲ್ಲ. ಅದು ಪ್ರಾಮಾಣಿಕತೆಯಿಂದಲೋ, ಹಿಂದಿನ ದಿನ ಯಾರಿಗೂ ಹೇಳಲಾಗದ್ದನ್ನು ಸಿಕ್ಕಿದವರ ಮೇಲೆ ಇಳಿಸಿಬಿಡುವ ಆತುರದಿಂದಲೋ, ಆಗಲೂ ತಿಳಿದಿರಲಿಲ್ಲ.

ಅವರು ಚಹಾ ಕುಡಿದರು. "ಆ ಹಾಲು ಹಿಂಡಿದ್ದು ನಾನು," ಎಂದರು. ಲೋಟ ಕೆಳಗಿಟ್ಟು ಕೇಳಿದರು, "ಹುಡುಗ ನಕ್ಕನೇ?"

"ಅಂಕಲ್..."

"ಮುದುಕಿಯರು ಹಾಡಲಿ. ಅವರೆಲ್ಲ ಸಾಯುತ್ತಾರೆ. ಅವಳು ಬಾಳಬೇಕಾದದ್ದು ಅವನ ಜೊತೆ. ನಾನು ಕೂತಲ್ಲಿಗೆ ಅವನು ಮರೆಯಾಗಿದ್ದ, ಹಾಲು ಹೊಯ್ಯುವವರು ಅಡ್ಡ ನಿಂತಿದ್ದರು. ನೀನು ಹತ್ತಿರ ಇದ್ದೆ. ಅವನು ನಕ್ಕನೇ?"

ನೆನಪು ಕೂಡಲೇ ಒಂದು ಚಿತ್ರ ತಂದುಕೊಟ್ಟಿತು: ಹಾಲು ಇಳಿಯುತ್ತಿರುವ ಮುಖ, ಅದರಲ್ಲಿ ಹುಡುಗನ ಹಲ್ಲು. ಎಷ್ಟು ಸ್ಪಷ್ಟವೆಂದರೆ ಹೌದು ಎನ್ನಲು ಬಾಯಿ ತೆರೆದಿದ್ದೆ. ಆದರೆ ನಾನು ನಿಂತದ್ದು ಹಿಂದೆ. ಆ ಮುಖ ನನಗೆ ಕಂಡಿರಲು ಸಾಧ್ಯವೇ ಇಲ್ಲ. ಕಂಡದ್ದು ಅವನ ಭುಜ. ಭುಜ ಅಲುಗಿತ್ತು. ತಂಪು ಸಂಜೆಯಲ್ಲಿ ತಣ್ಣನೆಯ ಹಾಲು ಬೆನ್ನಿಗಿಳಿದರೆ ಯಾರ ಭುಜವೂ ಅಲುಗುತ್ತದೆ.

"ನಾನು ನಿಂತಲ್ಲಿಂದ ಮುಖ ಕಾಣುತ್ತಿರಲಿಲ್ಲ," ಎಂದೆ.

ಅವರು ನನ್ನನ್ನು ನೋಡಿದರು. "ಡಿಪೋದಲ್ಲಿ ನನಗೊಬ್ಬ ಸ್ನೇಹಿತನಿದ್ದ, ಬಿಳಿಯ. ನನ್ನ ಮದುವೆಯಲ್ಲಿ ಪಕ್ಕದಲ್ಲಿ ನಿಂತವನು. ಅವರೆಲ್ಲ ನಗುವಾಗ ಅವನು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ. ಅವನು ನಗುತ್ತಿದ್ದನೋ ಇಲ್ಲವೋ, ಅವನು ಸತ್ತ ಮೇಲೂ ನನಗೆ ಗೊತ್ತಾಗಿಲ್ಲ. ನಾನಂತೂ ನಗುತ್ತಿದ್ದೆ. ನಕ್ಕರೆ ಬೇಗ ಮುಗಿಯುತ್ತದೆ. ಮನೆಯಲ್ಲಿ ಹೆಂಡತಿ ಮಗಳ ಮುಂದೆ ಅದೇ ಜೋಕುಗಳನ್ನು ಹೇಳಿ ನಗಿಸುತ್ತಿದ್ದೆ."

ಮಧ್ಯಾಹ್ನದ ಮೇಲೆ ಮದುಮಗಳನ್ನೂ ತಂದೆಯನ್ನೂ ಚರ್ಚಿಗೆ ಕರೆದೊಯ್ದದ್ದು ನನ್ನದೇ ಕಾರು. ಅವಳು ಬಿಳಿಯ ಗೌನು ಮಡಿಲಲ್ಲಿ ಒಟ್ಟಿಕೊಂಡು ಹಿಂದೆ ಕೂತಿದ್ದಳು. ತಂದೆ ಮುಂದೆ, ನನ್ನ ಪಕ್ಕ. ಅರ್ಧ ದಾರಿಯಲ್ಲಿ ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

"ನಿನ್ನೆ ಆ ಅಜ್ಜಿ ನಿನ್ನ ಬಗ್ಗೆ ಒಂದು ಸಾಲು ಹಾಡಿದಳಂತೆ. ನಿನಗೆ ಗೊತ್ತೇ?"

"ಗೊತ್ತು ಅಪ್ಪ. ಅಷ್ಟು ಕೊಂಕಣಿ ಕಲಿತಿದ್ದೇನೆ. ಕಪ್ಪು, ಬಿಳಿ, ತೊಳೆ. ಮೊದಲು ಕಿವಿಗೆ ಬೀಳುವುದು ಅವೇ."

"ಅವನು ನಕ್ಕನೇ?"

ಅವಳು ಗೌನಿನ ನೆರಿಗೆ ಸರಿಮಾಡಿಕೊಂಡಳು.

"ಈ ಹುಡುಗಿ ಕಾರು ಓಡಿಸುತ್ತಿದ್ದಾಳೆ," ಎಂದರು. "ಮುಂದೆ ಒಂದು ವೃತ್ತ ಬರುತ್ತದೆ. ನೀನು ಒಂದು ಮಾತು ಹೇಳಿದರೆ ತಿರುಗಿಸುತ್ತಾಳೆ. ನೇರ ವಿಮಾನ ನಿಲ್ದಾಣಕ್ಕೆ ಬೇಕಾದರೂ ಹೋಗೋಣ. ಹೇಳು, ಅವನು ನಕ್ಕನೇ?"

"ನಕ್ಕ," ಎಂದಳು. "ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು. ಜೋರಾಗಿ ಅಲ್ಲ. ಅವರಮ್ಮನ ಕಡೆ ನೋಡಿಕೊಂಡು, ಸ್ವಲ್ಪ. ಬೇಗ ಮುಗಿಯಲಿ ಎನ್ನುವ ಹಾಗೆ."

ವೃತ್ತ ಬಂತು. ನಾನು ಅದರೊಳಗೆ ಕಾರು ತಿರುಗಿಸಿದೆ. ಯಾವ ಕಡೆ ಎಂದು ಇಬ್ಬರೂ ಹೇಳಲಿಲ್ಲ. ಚರ್ಚಿನ ದಾರಿ ದಾಟಿತು, ನಿಲ್ದಾಣದ ದಾರಿಯೂ ದಾಟಿತು; ಮತ್ತೊಂದು ಸುತ್ತು ಬಂದೆ. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ.

"ನೀನು ನಗುತ್ತೀಯಲ್ಲ, ಹಾಗೆ ನಕ್ಕ, ಅಪ್ಪ," ಎಂದಳು ಅವಳು. "ಅದೊಂದು ನಗು ನನಗೆ ಹುಟ್ಟಿದಾಗಿನಿಂದ ಗೊತ್ತು. ಅದರ ಜೊತೆ ಬಾಳಲು ಬರುತ್ತದೆ ನನಗೆ. ಅಮ್ಮನಿಗೂ ಬಂದಿತ್ತು."

ಅವರು ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಹೊಸದಾಗಿ ಕತ್ತರಿಸಿದ ಕೂದಲಿನ ಕೆಳಗೆ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

"ಚರ್ಚಿಗೇ ಹೋಗು," ಎಂದಳು ಗೆಳತಿ ನನಗೆ. ಹೋದೆ.

ಈ ಮಾತುಗಳನ್ನು ನಾನು ಡೈರಿಯಲ್ಲಿ ಬರೆದದ್ದು ಮದುವೆಯಾಗಿ ಒಂದು ವಾರದ ಮೇಲೆ. ಅಷ್ಟರಲ್ಲಿ ಎಷ್ಟು ಬದಲಾಗಿದ್ದವೋ. "ಅಮ್ಮನಿಗೂ ಬಂದಿತ್ತು" ಎಂದು ಅವಳು ಅಂದದ್ದೋ, ಅವಳು ಸುಮ್ಮನಾದ ಜಾಗದಲ್ಲಿ ನಾನು ತುಂಬಿದ್ದೋ ಎಂಬ ಅನುಮಾನ ಆಗಾಗ ಬರುತ್ತದೆ. ಅವಳನ್ನು ಕೇಳಬಹುದು. ಕೇಳಿಲ್ಲ.

ತಂದೆ ಇಂಗ್ಲೆಂಡಿಗೆ ಹಿಂದಿರುಗಿದರು. ಹೊರಡುವ ದಿನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುವಿ ನೋಡುವಷ್ಟು ಹೊತ್ತು ಅವರು ಉಸಿರು ಹಿಡಿದು ನಿಂತಿದ್ದರು. ಈಗ ಅವರದು ಬ್ರಿಟಿಷ್ ಪಾಸ್‌ಪೋರ್ಟ್. ಹೆಂಡತಿ ಸತ್ತ ಮೇಲೆ ಸಿಕ್ಕಿದ್ದು. ಆಗಾಗ ನನಗೆ ಮೆಸೇಜು ಬರುತ್ತದೆ. ಅವಳು ಚೆನ್ನಾಗಿದ್ದಾಳೆಯೇ ಎಂದಷ್ಟೇ ಕೇಳುತ್ತಾರೆ. ಚೆನ್ನಾಗಿದ್ದಾಳೆ ಎಂದು ಬರೆಯುತ್ತೇನೆ.

ಕಳೆದ ಚಳಿಗಾಲ ಆ ಮನೆಯ ಎರಡನೆಯ ಮಗನ ಮದುವೆಯಾಯಿತು. ಹುಡುಗಿ ಮಂಗಳೂರಿನವಳು, ಅವಳ ಅಣ್ಣನ ಮನೆ ಮಸ್ಕತ್ತಿನ ಪಕ್ಕದ ಅಲ್ ಅಮೇರಾತಿನಲ್ಲಿ, ಅವಳ ರೋಸ್ ಅಲ್ಲೇ. ಮದುವೆಗೆ ಎರಡು ದಿನ ಮೊದಲು ಆ ಹುಡುಗಿ ಮನೆ ನೋಡಲು ಬಂದಾಗ ಮದುಮಗನ ತಾಯಿ ಅವಳಿಗೆ ನನ್ನ ಗೆಳತಿಯನ್ನು ಪರಿಚಯಿಸಿದ್ದು ಹೀಗೆ: "ಇದು ನಮ್ಮ ಬ್ರಿಟಿಷ್ ಸೊಸೆ. ಹೆದರ್ಬೇಡ ಪುತಾ, ಒಳ್ಳೆಯವಳು."

ರೋಸಿಗೆ ನನ್ನನ್ನೂ ಕರೆದಿದ್ದರು. ಮಧ್ಯಾಹ್ನವೇ ಹೋದೆ. ಅಂಗಳದ ಮೂಲೆಯಲ್ಲಿ ಗೆಳತಿ ಒಬ್ಬಳೇ ಕೂತು ಕಾಯಿ ಒಡೆಯುತ್ತಿದ್ದಳು. ಅಂಗೈಯಲ್ಲಿಟ್ಟು, ಕತ್ತಿಯ ಬೆನ್ನಿನಿಂದ ತಿರುತಿರುಗಿಸಿ ಹೊಡೆದು. ಹಿಂಡುವ ಕೆಲಸವೂ ಅವಳಿಗೇ ಬಿಟ್ಟಿತ್ತು. ಸಂಜೆ ಹಾಲು ಹೊಯ್ಯುವ ಸರದಿಯಲ್ಲಿ ಹಿರಿಯ ಸೊಸೆಯನ್ನು ಕರೆಯಬೇಕಾದ ಜಾಗ ಬಂದಾಗ ಯಾರೋ ಬಟ್ಟಲು ಖಾಲಿಯಾಗಿದೆ ಎಂದರು. ಸೋದರತ್ತೆ ಮತ್ತೆ ಊರಿನಿಂದ ಬಂದಿದ್ದರು, ಕಂಠ ಹಾಗೆಯೇ ಇತ್ತು. ಅವರು ಹಾಡಿದರು: ದೊಡ್ಡವಳಿಗೆ ಗೋಣಿ ಕಾಯಿ ಹಿಂಡಿ ಹೊಯ್ದೆವು, ಹಾಲು ಕಪ್ಪಾಯಿತೇ ಹೊರತು ಅವಳು ಬೆಳ್ಳಗಾಗಲಿಲ್ಲ, ಚಿಕ್ಕವಳಿಗೆ ಒಂದು ಹನಿ ಸಾಕು.

ನಾನು ಈ ಸಲ ಎದುರಿಗೇ ನಿಂತಿದ್ದೆ. ನಡುವೆ ಯಾರೂ ಅಡ್ಡ ಇರಲಿಲ್ಲ, ಅಂಗಳಕ್ಕೆ ದೊಡ್ಡ ದೀಪ ಹಾಕಿದ್ದರು. ಗೆಳತಿಯ ಗಂಡ ಗೇಟಿನ ಹತ್ತಿರ ಫೋನು ನೋಡುತ್ತಿದ್ದ. ಗೆಳತಿ ನಕ್ಕಳು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ಎರಡು ಸಲ ಚಪ್ಪಾಳೆ ತಟ್ಟಿ, ಖಾಲಿ ಬಟ್ಟಲು ಎತ್ತಿಕೊಂಡು ಹಾಲು ತರಲು ಒಳಗೆ ಹೋದಳು.